ಕೂಸು ಹುಟ್ಟಿದ ಮೇಲೆ ಕುಲಾವಿ

ಕೇಳುಗರೇ, ನಮಸ್ಕಾರ. ಸಮಾಜವಾದಿ ಚೀನಾದೊಳಗೆ ಮಾರುಕಟ್ಟೆ ಹೇಗೆ ಬಂತು ಅನ್ನುವುದು ಇವತ್ತಿನ ಮಾತು.

ಪೂರ್ವ ಚೀನಾದಲ್ಲಿ ಆನ್‌ಹುಯಿ ಅಂತ ಒಂದು ಪ್ರಾಂತ್ಯ. ಅದರೊಳಗೆ ಫೆಂಗ್‌ಯಾಂಗ್ ಎಂಬ ಸೀಮೆ. ಮಿಂಗ್ ವಂಶದ ಮೊದಲ ಚಕ್ರವರ್ತಿ ಹುಟ್ಟಿದ ನೆಲ ಅದು. ಆದರೂ ಚಕ್ರವರ್ತಿಗಿಂತ ಭಿಕ್ಷುಕರಿಂದಲೇ ಆ ಸೀಮೆಗೆ ಹೆಸರು ಜಾಸ್ತಿ. ಮನೆಯಲ್ಲಿ ಕಾಳು ಮುಗಿದರೆ ಸಣ್ಣ ಡೋಲು ಬಾರಿಸಿಕೊಂಡು, ಹಾಡು ಹೇಳಿಕೊಂಡು ಊರೂರು ಬೇಡಲು ಹೊರಡುವುದು ಅಲ್ಲಿ ತಲೆತಲಾಂತರದ ರೂಢಿಯಾಗಿತ್ತು.

1978ರ ನವೆಂಬರ್ ಕೊನೆ. ಫೆಂಗ್‌ಯಾಂಗಿನ ಶಿಯಾವ್‌ಗಾಂಗ್ ಹಳ್ಳಿಯ ಒಂದು ಮಣ್ಣಿನ ಮನೆಯಲ್ಲಿ ರಾತ್ರಿ ಹೊತ್ತು 18 ಮನೆಗಳ ಕಡೆಯಿಂದ ಜನ ಸೇರಿದರು. ಯಾನ್ ಹಾಂಗ್‌ಚಾಂಗ್ ಎಂಬ ರೈತ ಒಂದು ಹಾಳೆಯಲ್ಲಿ ಕರಾರು ಬರೆದ. ಎಲ್ಲರೂ ಕೆಂಪು ಮಸಿಯಲ್ಲಿ ಬೆರಳೊತ್ತಿದರು. ಜಮೀನನ್ನು ಮನೆಮನೆಗೆ ಹಂಚಿಕೊಳ್ಳುವುದು. ಸರ್ಕಾರಕ್ಕೆ ಸೇರಬೇಕಾದ ಕಾಳನ್ನು ಪ್ರತಿ ಮನೆಯೂ ಅಳೆದುಕೊಡುವುದು. ಇನ್ನು ಮುಂದೆ ಸರ್ಕಾರದ ಮುಂದೆ ಕೈ ಚಾಚದಿರುವುದು. ಆಮೇಲೆ ಒಂದು ಮಾತು: ಇದರಿಂದ ನಮ್ಮ ಮುಂದಾಳುಗಳು ಜೈಲಿಗೆ ಹೋದರೆ, ತಲೆಯೇ ಹೋದರೂ, ಅವರ ಮಕ್ಕಳನ್ನು 18 ವರ್ಷ ತುಂಬುವ ತನಕ ಉಳಿದವರು ಸಾಕಬೇಕು.

ಹೊಲ ಹಂಚಿಕೊಳ್ಳುವುದಕ್ಕೆ ಮಕ್ಕಳ ಗತಿಯನ್ನೂ ಯೋಚಿಸಬೇಕಾ? ಬೇಕಿತ್ತು. ಆಗ ಹೊಲ, ಎತ್ತು, ನೇಗಿಲು ಎಲ್ಲಾ ಕಮ್ಯೂನಿಗೆ, ಅಂದರೆ ಊರವರೆಲ್ಲ ಒಟ್ಟಾಗಿ ದುಡಿಯುವ ಸರ್ಕಾರಿ ಏರ್ಪಾಟಿಗೆ ಸೇರಿದ್ದು. ಬೆಳಿಗ್ಗೆ ಗಂಟೆ ಹೊಡೆದರೆ ಹೊಲಕ್ಕೆ ಹೋಗಬೇಕು, ಸಂಜೆ ಇಷ್ಟು ಅಂಕ ಅಂತ ಬರೆದುಕೊಳ್ಳುತ್ತಿದ್ದರು. ಆ ಅಂಕದ ಮೇಲೆ ಕಾಳಿನ ಪಾಲು. ಬೆವರು ಸುರಿಸಿದವನಿಗೂ ಗುದ್ದಲಿಗೆ ಒರಗಿ ನಿಂತವನಿಗೂ ಹೆಚ್ಚುಕಮ್ಮಿ ಅಷ್ಟೇ ಅಂಕ. 1950ರ ದಶಕದ ಕೊನೆಯಲ್ಲಿ ಮಾವೋ ಶುರುಮಾಡಿದ ‘ಮಹಾ ಜಿಗಿತ’ ಎಂಬ ಅವಸರದ ಅಭಿವೃದ್ಧಿ ಚಳವಳಿ ತಂದ ಬರಗಾಲ ಈ ಊರಿನ ಎಷ್ಟೋ ಜನರನ್ನು ನುಂಗಿತ್ತು. ಆ ಹಸಿವಿನಲ್ಲೇ, 1961ರಲ್ಲಿ, ಇದೇ ಆನ್‌ಹುಯಿಯಲ್ಲಿ ಮನೆಮನೆಗೆ ಹೊಲ ಕೊಟ್ಟು ನೋಡಿದ್ದರು. ಬೆಳೆ ಬಂತು, ಆದರೆ ಅದಕ್ಕೆ ಒಪ್ಪಿಗೆ ಕೊಟ್ಟಿದ್ದ ಪ್ರಾಂತ್ಯದ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿಯ ಕುರ್ಚಿ ಹೋಯಿತು. ಅದನ್ನೆಲ್ಲ ಕಣ್ಣಾರೆ ಕಂಡವರೇ ಈಗ ಬೆರಳೊತ್ತಿದ್ದು.

ಮರುವರ್ಷ ಆ ಊರಿನ ಕಣಕ್ಕೆ ಬಂದ ಕಾಳು ಸುಮಾರು 66 ಟನ್. 1966ರಿಂದ 1970ರ ತನಕ ಐದು ವರ್ಷ ಬೆಳೆದದ್ದನ್ನೆಲ್ಲ ಒಟ್ಟು ಮಾಡಿದರೆ ಎಷ್ಟೋ, ಅಷ್ಟು ಒಂದೇ ವರ್ಷದಲ್ಲಿ.

ಈ ಕಥೆಯನ್ನು ಈಗ ಪಕ್ಷವೇ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಹಾಗಾಗಿ ಸ್ವಲ್ಪ ಹುಷಾರಾಗಿ ಕೇಳಬೇಕು. ಇವರಿಗಿಂತ ಒಂದೆರಡು ತಿಂಗಳು ಮುಂಚೆಯೇ ಅದೇ ಪ್ರಾಂತ್ಯದ ಫೇಶಿ ಸೀಮೆಯಲ್ಲೂ ಹೊಲ ಹಂಚಿಕೊಂಡಿದ್ದರು. 1979ರಲ್ಲಿ ಸರ್ಕಾರ ಕಾಳಿನ ಖರೀದಿ ಬೆಲೆಯನ್ನು ಶೇಕಡ 20ರಷ್ಟು ಏರಿಸಿತ್ತು. ಬೆಳೆ ಹೆಚ್ಚಿದ್ದಕ್ಕೆ ಬರೀ ಬೆರಳಿನ ಗುರುತು ಕಾರಣ ಅನ್ನುವುದು ಪೂರ್ತಿ ಸರಿ ಅಲ್ಲ.

ನನಗೆ ಕುತೂಹಲ ಹುಟ್ಟಿಸುವುದು ಬೇರೆ ಒಂದು ಸಂಗತಿ. 1978ರ ಡಿಸೆಂಬರ್‌ನಲ್ಲಿ ಬೀಜಿಂಗ್‌ನಲ್ಲಿ ಪಕ್ಷದ ದೊಡ್ಡ ಸಭೆ ನಡೆಯಿತು. ಚೀನಾದ ಸುಧಾರಣೆ ಅಲ್ಲಿಂದಲೇ ಶುರು ಅಂತ ಎಲ್ಲ ಕಡೆ ಬರೆಯುತ್ತಾರೆ. ಅದೇ ಸಭೆಯಲ್ಲಿ ಒಪ್ಪಿದ ಕೃಷಿಯ ಕರಡಿನಲ್ಲಿ ಏನಿತ್ತು ಗೊತ್ತಾ? ಹೊಲವನ್ನು ಮನೆಮನೆಗೆ ವಹಿಸುವಂತಿಲ್ಲ ಅಂತ ಇತ್ತು! ಆನ್‌ಹುಯಿಯ ಮುಖ್ಯಸ್ಥ ವಾನ್ ಲಿ ಕಂಡೂ ಕಾಣದ ಹಾಗೆ ಇದ್ದರು, ಆಮೇಲೆ ಬೆನ್ನಿಗೆ ನಿಂತರು. 1980ರಲ್ಲಿ ದೇಶದ ಹಿರಿಯ ನಾಯಕ ಡೆಂಗ್ ಶಿಯಾವ್‌ಪಿಂಗ್ ಫೆಂಗ್‌ಯಾಂಗನ್ನು ಹೊಗಳಿದರು. 1982ರ ಜನವರಿಗೆ ಬೀಜಿಂಗ್ ಅದೇ ಪದ್ಧತಿಗೆ ‘ಸಮಾಜವಾದಿ’ ಅಂತ ಮುದ್ರೆ ಒತ್ತಿತು. ನಮ್ಮಲ್ಲಿ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ಗೇಲಿ ಮಾಡುತ್ತೇವೆ. ಚೀನಾದಲ್ಲಿ ನಡೆದಿದ್ದು ಉಲ್ಟಾ. ಕೂಸು ಹುಟ್ಟಿ, ಅಂಬೆಗಾಲಿಟ್ಟು, ಓಡಾಡುವಂತಾದ ಮೇಲೆ ಅದರ ತಲೆ ಅಳತೆಗೆ ಸರಿಯಾಗಿ ಕುಲಾವಿ ಹೊಲಿದರು. ಕುಲಾವಿಯ ಬಣ್ಣ ಮಾತ್ರ ಕೆಂಪೇ.

ಇನ್ನೊಬ್ಬನ ಕಥೆ ಕೇಳಿ. ಅದೇ ಆನ್‌ಹುಯಿಯ ವೂಹು ಪಟ್ಟಣದ ನಿಯಾನ್ ಗ್ವಾಂಗ್‌ಜಿಯು. ಅಕ್ಷರ ಬಾರದ ಬೀದಿ ವ್ಯಾಪಾರಿ. ಕಾಳಸಂತೆ ವ್ಯಾಪಾರ ಅಂತ 1963ರಲ್ಲೇ ಒಂದು ಸಲ ಜೈಲು ಕಂಡು ಬಂದಿದ್ದ. ಆಮೇಲೆ ಕಲ್ಲಂಗಡಿ ಬೀಜ ಹುರಿದು ಮಾರತೊಡಗಿದ. ಹಲ್ಲಿನ ನಡುವೆ ಇಟ್ಟು ಚಟ್ ಅಂತ ಸೀಳಿ, ಸಿಪ್ಪೆ ಉಗಿದು ತಿನ್ನುವ ಬೀಜ. ಹರಟೆಗೆ ಕೂತರೆ ಚೀನಾದವರಿಗೆ ಅದು ಬೇಕೇ ಬೇಕು. ಈತ ತೂಕ ಹಾಕಿದ ಮೇಲೂ ಇನ್ನೊಂದು ಹಿಡಿ ಸುಮ್ನೆ ಸುರಿಯುತ್ತಿದ್ದ. ಜನ ‘ಪೆದ್ದ’ ಅಂದರು. ಅವನು ಅದನ್ನೇ ಪೊಟ್ಟಣದ ಮೇಲೆ ಹಾಕಿಸಿದ: ‘ಪೆದ್ದನ ಬೀಜ’. ವ್ಯಾಪಾರ ಕುದುರಿತು. ನೂರಕ್ಕೂ ಹೆಚ್ಚು ಜನ ಕೆಲಸಕ್ಕೆ ಸೇರಿದರು.

ಗಲಾಟೆ ಎದ್ದಿದ್ದು ಆಗಲೇ. ಸ್ವಂತ ಕಸುಬಿನವರು ಇಬ್ಬರು ಸಹಾಯಕರು, ಹೆಚ್ಚೆಂದರೆ ಐವರು ಕಲಿಯುವ ಹುಡುಗರನ್ನು ಇಟ್ಟುಕೊಳ್ಳಬಹುದು ಅಂತ 1981ರ ನಿಯಮ. ಅಂದರೆ 7 ಜನ. ಎಂಟನೆಯವನು ಬಂದರೆ ನೀವು ಶೋಷಕ. ಯಾಕೆ ಎಂಟೇ? ಮಾರ್ಕ್ಸ್ ಒಂದು ಕಡೆ ಉದಾಹರಣೆಗೆ ಲೆಕ್ಕ ಹಾಕಿದ್ದರು. ಒಬ್ಬ ಯಜಮಾನ ತನ್ನ ಆಳಿಗಿಂತ ಎರಡು ಪಟ್ಟು ಚೆನ್ನಾಗಿ ಬದುಕಿ, ಗಿಟ್ಟಿದ್ದರಲ್ಲಿ ಅರ್ಧವನ್ನು ಮತ್ತೆ ಬಂಡವಾಳ ಮಾಡಬೇಕಾದರೆ 8 ಆಳು ಬೇಕಾಗುತ್ತಾರೆ ಅಂತ. ನೂರು ವರ್ಷ ಹಿಂದಿನ ಆ ಲೆಕ್ಕ ವೂಹುವಿನ ಬಾಣಲೆಯ ಪಕ್ಕ ಬಂದು ಕೂತಿತ್ತು.

ಈ ವಿಷಯ ಡೆಂಗ್ ತನಕ ಹೋಯಿತು. 1984ರ ಅಕ್ಟೋಬರ್‌ನಲ್ಲಿ ಅವರು ಹೇಳಿದ್ದರ ತಾತ್ಪರ್ಯ ಇದು: ಪೆದ್ದನ ಬೀಜ ಇನ್ನೂ ಸ್ವಲ್ಪ ದಿನ ನಡೆಯಲಿ ಬಿಡಿ, ಭಯ ಯಾಕೆ? ಸಮಾಜವಾದಕ್ಕೆ ಪೆಟ್ಟು ಬಿದ್ದಿದೆಯಾ? ಸರಿ ಅನ್ನಲಿಲ್ಲ, ತಪ್ಪು ಅಂತಲೂ ಅನ್ನಲಿಲ್ಲ. 1988ರಲ್ಲಿ ಖಾಸಗಿ ಉದ್ಯಮಕ್ಕೆ ಕಾನೂನು ಬಂತು. ಖಾಸಗಿ ಉದ್ಯಮ ಅಂದರೇನು? 8 ಅಥವಾ ಹೆಚ್ಚು ಕೆಲಸಗಾರರು ಇರುವಂಥದ್ದು. ನಿನ್ನೆ ಅಪರಾಧಕ್ಕೆ ಗುರುತಾಗಿದ್ದ ಸಂಖ್ಯೆ ಇವತ್ತು ನೋಂದಣಿ ಅರ್ಜಿಯ ಅರ್ಹತೆ! ಅಷ್ಟಾದರೂ 1989ರಲ್ಲಿ ಪೆದ್ದನನ್ನು ಬೇರೆ ಆರೋಪಗಳ ಮೇಲೆ ಮತ್ತೆ ಒಳಗೆ ಹಾಕಿದರು. 1992ರ ಶುರುವಿನಲ್ಲಿ ಡೆಂಗ್ ಇನ್ನೊಮ್ಮೆ ಅವನ ಹೆಸರೆತ್ತಿದ ಮೇಲೆಯೇ ಬಿಟ್ಟಿದ್ದು.

ಬೆಲೆಯ ವಿಷಯಕ್ಕೆ ಬರೋಣ. ಲೆವಿ ಸಕ್ಕರೆ ನೆನಪಿದೆಯಾ? ನಮ್ಮಲ್ಲಿ ಕಾರ್ಖಾನೆಗಳು ಇಂತಿಷ್ಟು ಸಕ್ಕರೆಯನ್ನು ಸರ್ಕಾರ ಹೇಳಿದ ದರಕ್ಕೆ ರೇಷನ್ನಿಗೆ ಕೊಟ್ಟು, ಉಳಿದದ್ದನ್ನು ಹೊರಗಿನ ಬೆಲೆಗೆ ಮಾರುತ್ತಿದ್ದವು. ಚೀನಾ 1980ರ ದಶಕದಲ್ಲಿ ಉಕ್ಕು, ಕಲ್ಲಿದ್ದಲು, ಸಿಮೆಂಟು ಎಲ್ಲಕ್ಕೂ ಇಂಥದ್ದೇ ಏರ್ಪಾಟು ಮಾಡಿತು. ಸರ್ಕಾರಿ ಯೋಜನೆಯ ಪಾಲಿಗೆ ಒಂದು ಬೆಲೆ, ಉಳಿದದ್ದಕ್ಕೆ ಇನ್ನೊಂದು ಬೆಲೆ. ಯಾರ ಕೈಯಿಂದಲೂ ಏನನ್ನೂ ಕಿತ್ತುಕೊಳ್ಳಲಿಲ್ಲ, ಹಳೆಯದನ್ನು ಇದ್ದಲ್ಲೇ ಬಿಟ್ಟು ಪಕ್ಕದಲ್ಲಿ ಹೊಸದನ್ನು ಬೆಳೆಯಲು ಬಿಟ್ಟರು. ನನ್ನ ಮಟ್ಟಿಗೆ ಇದು ಬಲು ಜಾಣತನದ ಕೆಲಸ. ಆದರೆ ಹುಳುಕು ಅಲ್ಲೇ ಇತ್ತು. ಒಂದೇ ಕಬ್ಬಿಣಕ್ಕೆ ಎರಡು ಬೆಲೆ ಇದ್ದರೆ ಪರ್ಮಿಟ್ಟಿನ ಕಾಗದಕ್ಕೇ ಬೆಲೆ ಬರುತ್ತದೆ ಅಲ್ವಾ? ಅಧಿಕಾರಿಗಳೂ ಅವರ ಮಕ್ಕಳೂ ಅಗ್ಗದ ಮಾಲು ಎತ್ತಿ ದುಬಾರಿಗೆ ದಾಟಿಸಿದರು. 1988ರಲ್ಲಿ ಬೆಲೆಗಳು ಶೇಕಡ 18ಕ್ಕೂ ಮೇಲೆ ಏರಿದವು. ಜನ ಬ್ಯಾಂಕಿನಿಂದ ದುಡ್ಡು ಬಿಡಿಸಿಕೊಂಡು ಕೈಗೆ ಸಿಕ್ಕಿದ್ದನ್ನು ಕೊಂಡು ಮನೆ ತುಂಬಿಸಿಕೊಂಡರು. ಮರುವರ್ಷ ತಿಯಾನನ್‌ಮೆನ್ ಚೌಕದಲ್ಲಿ ಸೇರಿದವರ ದೂರುಗಳಲ್ಲಿ ಈ ಅಧಿಕಾರಿಗಳ ದಂಧೆಯೂ ಇತ್ತು. ಅದು ಹೇಗೆ ಮುಗಿಯಿತು ಅನ್ನುವುದು ನಿಮಗೆ ಗೊತ್ತಿದೆ. ಸೈನ್ಯ ಗುಂಡು ಹಾರಿಸಿತು.

ಅದಾದ ಮೇಲೆ ಎರಡು ವರ್ಷ ಬೀಜಿಂಗ್‌ನಲ್ಲಿ ಒಂದೇ ಜಗಳ: ಈ ಸುಧಾರಣೆಯ ಮನೆತನ ಯಾವುದು? ಸಮಾಜವಾದವೋ, ಬಂಡವಾಳವಾದವೋ? 1992ರ ಜನವರಿಯಲ್ಲಿ 87ರ ಮುದುಕ ಡೆಂಗ್, ಕೈಯಲ್ಲಿ ಸರ್ಕಾರಿ ಹುದ್ದೆ ಯಾವುದೂ ಇಲ್ಲದೆ, ರೈಲು ಹತ್ತಿ ದಕ್ಷಿಣಕ್ಕೆ ಹೊರಟರು. ವೂಚಾಂಗ್, ಷೆನ್‌ಜೆನ್, ಜೂಹಾಯ್, ಶಾಂಘೈ. ಹೋದಲ್ಲೆಲ್ಲ ಹೇಳಿದ್ದು ಯೋಜನೆ, ಮಾರುಕಟ್ಟೆ ಎರಡೂ ಬರೀ ಸಾಧನ ಅಂತ. ಆ ಅಕ್ಟೋಬರ್‌ಗೆ ಕುಲಾವಿ ಸಿದ್ಧವಾಯಿತು: ‘ಸಮಾಜವಾದಿ ಮಾರುಕಟ್ಟೆ ಆರ್ಥಿಕತೆ’. 1993ರಲ್ಲಿ ಸಂವಿಧಾನಕ್ಕೂ ಸೇರಿತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1990ರ ದಶಕದ ಕೊನೆಯಲ್ಲಿ ಪ್ರಧಾನಿ ಜೂ ರೊಂಗ್‌ಜಿ ಸರ್ಕಾರಿ ಕಾರ್ಖಾನೆಗಳಲ್ಲಿ ದೊಡ್ಡವನ್ನು ಇಟ್ಟುಕೊಂಡು ಚಿಕ್ಕವನ್ನು ಕೈಬಿಟ್ಟರು. ‘ಕಬ್ಬಿಣದ ಅನ್ನದ ಬಟ್ಟಲು’ ಅನ್ನಿಸಿಕೊಂಡಿದ್ದ ಕಾಯಂ ನೌಕರಿ ಎರಡು ಕೋಟಿಗೂ ಹೆಚ್ಚು ಜನರ ಕೈತಪ್ಪಿತು. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿತು. ಅಲ್ಲಿಂದ ಈಚಿನದು ನಿಮ್ಮ ಜೇಬಿನ ಮೊಬೈಲಿಗೇ ಗೊತ್ತು.

ಹಾಗಾದರೆ ಸಮಾಜವಾದ ಎಲ್ಲಿ ಉಳಿಯಿತು? ದೊಡ್ಡ ಬ್ಯಾಂಕು, ತೈಲ, ವಿದ್ಯುತ್ ಜಾಲ, ರೈಲು, ಟೆಲಿಫೋನು ಸರ್ಕಾರದ್ದೇ. ಐದು ವರ್ಷದ ಯೋಜನೆ ಇನ್ನೂ ಇದೆ. ಹಳೆಯ ನಾಯಕ ಚೆನ್ ಯುನ್ ಒಂದು ಹೋಲಿಕೆ ಕೊಟ್ಟಿದ್ದರು: ಮಾರುಕಟ್ಟೆ ಹಕ್ಕಿ, ಯೋಜನೆ ಪಂಜರ. ಪಂಜರ ದೊಡ್ಡದು ಮಾಡಿ, ಆದರೆ ಇರಲಿ. 2020ರ ಅಕ್ಟೋಬರ್‌ನಲ್ಲಿ ಅಲಿಬಾಬಾ ಎಂಬ ಆನ್‌ಲೈನ್ ವ್ಯಾಪಾರದ ಕಂಪನಿ ಕಟ್ಟಿದ ಜಾಕ್ ಮಾ ವೇದಿಕೆ ಹತ್ತಿ, ಚೀನಾದ ಬ್ಯಾಂಕುಗಳದ್ದು ಗಿರವಿ ಅಂಗಡಿಯ ಬುದ್ಧಿ ಅಂದರು. ಮೊಬೈಲಿನಲ್ಲಿ ದುಡ್ಡು ಕಳಿಸುವ, ಸಾಲ ಕೊಡುವ ವ್ಯವಹಾರದ ಅವರ ಆಂಟ್ ಕಂಪನಿಯ ಷೇರು ಪೇಟೆಗೆ ಬರಲು ಇನ್ನೆರಡು ದಿನ ಇದೆ ಅನ್ನುವಾಗ ಅದನ್ನು ನಿಲ್ಲಿಸಿದರು. ಪಂಜರ ಕಾಣದಿದ್ದರೂ ಸರಳು ಅಲ್ಲೇ ಇತ್ತು.

ಎಲ್ಲಕ್ಕಿಂತ ಮುಖ್ಯವಾಗಿ ನೆಲ. ಚೀನಾದಲ್ಲಿ ಒಂದು ಅಡಿ ನೆಲವೂ ಯಾರ ಸ್ವಂತದ್ದಲ್ಲ. ಪಟ್ಟಣದ ನೆಲ ಸರ್ಕಾರದ್ದು, ಹಳ್ಳಿಯ ನೆಲ ಹಳ್ಳಿಯದ್ದು. ಶಿಯಾವ್‌ಗಾಂಗಿನವರು ಹಂಚಿಕೊಂಡದ್ದೂ ಉಳುಮೆಯನ್ನು, ಒಡೆತನವನ್ನಲ್ಲ. 1987ರ ಡಿಸೆಂಬರ್ 1ರಂದು ಷೆನ್‌ಜೆನ್‌ನಲ್ಲಿ ಎರಡು ಎಕರೆಗಿಂತ ಚೂರು ಜಾಸ್ತಿ ಜಾಗವನ್ನು 50 ವರ್ಷದ ಬಳಕೆಗೆ ಹರಾಜು ಹಾಕಿದರು. 20 ಲಕ್ಷ ಯುವಾನ್‌ನಿಂದ ಶುರುವಾದ ಕೂಗು 52 ಲಕ್ಷದ 50 ಸಾವಿರಕ್ಕೆ ನಿಂತಿತು. ಅವತ್ತಿಗೆ ಸಂವಿಧಾನದ ಪ್ರಕಾರ ಅದು ನಿಷಿದ್ಧ. ನಾಲ್ಕು ತಿಂಗಳ ಮೇಲೆ ಸಂವಿಧಾನ ತಿದ್ದಿದರು. ಮತ್ತದೇ ಕುಲಾವಿ. ಆ ಬಾಗಿಲಿನಿಂದಲೇ ಪಟ್ಟಣಗಳ ಖಜಾನೆಗೆ ದುಡ್ಡು ಹರಿಯಿತು, ಮನೆಗಳ ಕಾಡು ಎದ್ದಿತು, ಕೊನೆಗೆ ಎವರ್‌ಗ್ರ್ಯಾಂಡ್‌ನಂಥ ಮನೆ ಕಟ್ಟಿ ಮಾರುವ ಕಂಪನಿ ಸಾಲದಲ್ಲಿ ಮುಳುಗಿತು.

ಮನೆ ಕಟ್ಟುವ ನೆಲದ ಗುತ್ತಿಗೆ ಸಾಮಾನ್ಯವಾಗಿ 70 ವರ್ಷ. ವೆನ್‌ಜೋ ಪಟ್ಟಣದಲ್ಲಿ ಮೊದಮೊದಲು ಕೆಲವರಿಗೆ 20 ವರ್ಷಕ್ಕೆ ಕೊಟ್ಟಿದ್ದರು. 2016ರಲ್ಲಿ ಆ ಗುತ್ತಿಗೆ ಮುಗಿಯಿತು. ಮನೆ ಬೆಲೆಯ ಮೂರನೇ ಒಂದು ಪಾಲಿನಷ್ಟು ಕಟ್ಟಿ ಅನ್ನುವ ಮಾತು ಅಲ್ಲಿಯ ಕಚೇರಿಯಿಂದ ಹೊರಬಿತ್ತು. ದೇಶದ ತುಂಬ ಮನೆ ಕೊಂಡವರೆಲ್ಲ ಬೆಚ್ಚಿ ತಮ್ಮ ತಮ್ಮ ಪತ್ರ ತೆಗೆದು ವರ್ಷ ಎಣಿಸಿದರು. ಡಿಸೆಂಬರ್‌ನಲ್ಲಿ ಬೀಜಿಂಗ್ ಹೇಳಿತು: ಸದ್ಯಕ್ಕೆ ಅರ್ಜಿ ಬೇಡ, ದುಡ್ಡೂ ಬೇಡ. 2021ರಿಂದ ಜಾರಿಗೆ ಬಂದ ನಾಗರಿಕ ಸಂಹಿತೆಯ ಪ್ರಕಾರ ಗುತ್ತಿಗೆ ತಾನಾಗಿಯೇ ಮುಂದುವರಿಯುತ್ತದೆ. ಎಷ್ಟು ದುಡ್ಡಿಗೆ ಅನ್ನುವುದನ್ನು ಅಲ್ಲಿ ಬರೆದಿಲ್ಲ. ಅದನ್ನು ಬೇರೆ ಕಾನೂನು ಹೇಳಬೇಕಂತೆ.

ನಮಸ್ಕಾರ.