ಕೊನೆಗೌಡನ ತಾಳ

ಕೇಳುಗರೆಲ್ಲರಿಗೂ ನಮಸ್ಕಾರ.

ಶಿರಸಿ ಕಡೆಯವರಿಗೆ ಕೊನೆಗೌಡ ಯಾರೆಂದು ಹೇಳಬೇಕಿಲ್ಲ. ಕರಾವಳಿಯವರಿಗಾಗಿ ಹೇಳುತ್ತೇನೆ: ಮರ ಹತ್ತಿ ಅಡಿಕೆ ಕೊನೆ ಇಳಿಸುವವನು. ಒಂದು ಮರ ಮುಗಿಯಿತೆಂದು ಅವನು ಕೆಳಗಿಳಿಯುವುದಿಲ್ಲ. ತುದಿಯಲ್ಲೇ ಕೂತು ಮೈ ತೂಗುತ್ತಾನೆ. ಮರ ಮೊದಲು ಒಂದು ಗೇಣು ಓಲುತ್ತದೆ, ಆಮೇಲೆ ಮೊಳ, ಆಮೇಲೆ ಮಾರು. ಪಕ್ಕದ ಮರ ಕೈಗೆ ಸಿಕ್ಕಿದ್ದೇ ದಾಟಿಬಿಡುತ್ತಾನೆ. ಇದಕ್ಕೆ ಭಾರೀ ಬಲವೇನೂ ಬೇಡ. ಮರದ ತಾಳ ಗೊತ್ತಿದ್ದರಾಯಿತು. ಎಂಜಿನಿಯರುಗಳು ಇದನ್ನು ಅನುರಣನ ಎನ್ನುತ್ತಾರೆ, ಹೆದರುವುದೂ ಇದಕ್ಕೇ.

ಲಂಡನ್ನಿನ ಮಿಲೇನಿಯಂ ಕಾಲುಸೇತುವೆ 2000ದ ಜೂನ್ 10ರಂದು ತೆರೆದು ಎರಡೇ ದಿನಕ್ಕೆ ಮುಚ್ಚಿತು. ಜನ ನಡೆದಂತೆ ಸೇತುವೆ ಅಡ್ಡಡ್ಡ ಓಲಿತು. ಓಲಿದಂತೆ ಜನ ಬೀಳಬಾರದೆಂದು ಅದರ ತಾಳಕ್ಕೇ ಕಾಲಿಟ್ಟರು, ಓಲಾಟ ಮತ್ತೂ ಏರಿತು. ಡ್ಯಾಂಪರುಗಳನ್ನು, ಅಂದರೆ ಬೈಕಿನ ಶಾಕ್ ಅಬ್ಸಾರ್ಬರಿನ ದೊಡ್ಡಣ್ಣಂದಿರನ್ನು, ಜೋಡಿಸಿ ಮತ್ತೆ ತೆರೆದದ್ದು 2002ರಲ್ಲಿ.

ಆದರೆ ಒಂದೇ ತಾಳಕ್ಕೆ ಹೊಂದಿಸಿಟ್ಟ ಸಾಧನಕ್ಕೆ ಒಂದು ತೊಡಕಿದೆ. ಶಿವಪುರದ ತೂಗುಸೇತುವೆಯ ಮೇಲೆ ಒಬ್ಬರೇ ನಡೆದು ನೋಡಿ, ಆಮೇಲೆ ಎದುರಿಂದ ಬೈಕು ಬಂದಾಗ ನಿಂತು ನೋಡಿ. ಭಾರ ಬದಲಾದರೆ ಸೇತುವೆಯ ತಾಳವೂ ಬದಲಾಗುತ್ತದೆ. ಹಾಗಾಗಿ ಹೊತ್ತಿಗೆ ತಕ್ಕಂತೆ ತನ್ನ ಬಿಗಿ ಬದಲಿಸಿಕೊಳ್ಳುವ ಡ್ಯಾಂಪರು ಬೇಕಾಯಿತು.

ಅದರ ಒಡಲಲ್ಲಿರುವುದು ಕಬ್ಬಿಣದ ನುಣ್ಣನೆ ಹುಡಿ ಬೆರೆಸಿದ ಎಣ್ಣೆ. ಒಂದೊಂದು ಕಣವೂ ಕೂದಲೆಳೆಗಿಂತ ಸಣ್ಣದು. ಸುತ್ತಲಿನ ತಂತಿಸುರುಳಿಗೆ ಕರೆಂಟು ಹರಿಸಿದರೆ ಕಣಗಳು ಸರಪಳಿಯಂತೆ ಸಾಲುಗಟ್ಟುತ್ತವೆ. ಜೋನಿಬೆಲ್ಲ ಕಣ್ಣು ಮಿಟುಕಿಸುವುದರೊಳಗೆ ಅಚ್ಚುಬೆಲ್ಲವಾದ ಹಾಗೆ! ಕರೆಂಟು ತೆಗೆದರೆ ಮತ್ತೆ ಜೋನಿ. ಜೇಕಬ್ ರಾಬಿನೋ ಎಂಬವರು 1940ರ ದಶಕದ ಕೊನೆಗೇ ಅಮೆರಿಕದಲ್ಲಿ ಇದನ್ನು ತೋರಿಸಿದ್ದರು. ಚೀನಾದ ಡಾಂಗ್‌ಟಿಂಗ್ ಸರೋವರದ ಸೇತುವೆಯಲ್ಲಿ ಮಳೆ ಗಾಳಿ ಒಟ್ಟಿಗೆ ಬಂದರೆ ಕೇಬಲ್ಲುಗಳು ಕುಣಿಯುತ್ತಿದ್ದವು. 2002ರಲ್ಲಿ ಅವಕ್ಕೆ ಇಂಥವೇ ಡ್ಯಾಂಪರು ಬಿಗಿದರು.

ಕಾರವಾರದಲ್ಲಿ 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತಲ್ಲ, ಇಂಥದ್ದೊಂದು ಇದ್ದಿದ್ದರೆ ಅದು ಉಳಿಯುತ್ತಿತ್ತೇ ಎಂದು ನೀವು ಕೇಳಬಹುದು. ಡ್ಯಾಂಪರು ಅಲುಗಾಟವನ್ನು ತಗ್ಗಿಸುತ್ತದೆ, ಅಷ್ಟೇ. ತುಕ್ಕು, ಬಿರುಕುಗಳನ್ನು ಮನುಷ್ಯರೇ ಕೆಳಗಿಳಿದು, ಮುಟ್ಟಿ ನೋಡಬೇಕು.

ಆದರೂ ಈ ಸಾಧನದ ಒಂದು ಗುಣ ನನಗೆ ಬಹಳ ಹಿಡಿಸಿದೆ. 1989ರಲ್ಲಿ ಟೋಕಿಯೋದ ಹನ್ನೊಂದು ಮಹಡಿಯ ಕಟ್ಟಡವೊಂದರ ಮೇಲೆ, ಓಲಾಟಕ್ಕೆ ಎದುರಾಗಿ ಯಂತ್ರವೇ ಭಾರವನ್ನು ದೂಡುವ ವ್ಯವಸ್ಥೆ ಕೂರಿಸಿದ್ದರು. ಹಾಗೆ ದೂಡಲು ಕರೆಂಟು ಜಾಸ್ತಿ ಬೇಕು. ಭೂಕಂಪವಾದಾಗ ಮೊದಲು ಹೋಗುವುದೇ ಕರೆಂಟು! ಆಷಾಢದ ಗಾಳಿಗೆ ಮರ ಬಿದ್ದು ದಿನಗಟ್ಟಲೆ ಕತ್ತಲಲ್ಲಿ ಕೂರುವ ನಮಗೆ ಇದನ್ನು ಬಿಡಿಸಿ ಹೇಳಬೇಕೆ? ಈ ಕಬ್ಬಿಣದೆಣ್ಣೆಯ ಡ್ಯಾಂಪರು ಯಾರನ್ನೂ ದೂಡುವುದಿಲ್ಲ, ಅಡ್ಡ ನಿಲ್ಲುತ್ತದೆ ಅಷ್ಟೆ. ಅದಕ್ಕೆ ಬ್ಯಾಟರಿಯೇ ಸಾಕು. ಬ್ಯಾಟರಿಯೂ ಸತ್ತರೆ, ಮಾಮೂಲಿ ಎಣ್ಣೆ ಡ್ಯಾಂಪರಾಗಿ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿರುತ್ತದೆ.

ನಮಸ್ಕಾರ.