ಕನ್ನಡಿಯೊಳಗಿನ ಗಂಟು

ಕೇಳುಗರಿಗೆ ನಮಸ್ಕಾರ.

ಗ್ರಂಥಾಲಯದ ಕಪಾಟಿನಿಂದ ಒಂದು ಪುಸ್ತಕ ತೆಗೆದು ನಾಲ್ಕು ಹಾಳೆ ತಿರುವಿದರೆ, ಅದು ಬೇಕೋ ಬೇಡವೋ ಎಂಬುದು ನಿಂತಲ್ಲೇ ತಿಳಿದುಬಿಡುತ್ತದೆ. ಪಕ್ಕದಲ್ಲಿರುವ ಡಿವಿಡಿಯನ್ನು ಎತ್ತಿಕೊಳ್ಳಿ. 12 ಸೆಂಟಿಮೀಟರ್ ಅಗಲದ ಆ ಬಿಲ್ಲೆಯಲ್ಲಿ ಕಾಣುವುದು ನಿಮ್ಮದೇ ಮುಖ. ಒಳಗೆ ಎರಡು ಗಂಟೆಯ ಚಿತ್ರವಿದ್ದರೂ ಅದು ಕನ್ನಡಿಯೊಳಗಿನ ಗಂಟು. ಹಾಗಾಗಿ ಗ್ರಂಥಾಲಯದ ಸೂಚಿಯಲ್ಲಿ ಅದರ ಬಗ್ಗೆ ನಾವು ಬರೆಯುವ ನಮೂದನ್ನು ನಂಬಿಯೇ ಜನ ಅದನ್ನು ಮನೆಗೆ ಒಯ್ಯುತ್ತಾರೆ.

ಈ ನಮೂದು ಬರೆಯುವಾಗ ಹೊಸಬರು ಮಾಡುವ ಮೊದಲ ತಪ್ಪು, ಡಬ್ಬಿಯ ಮೇಲಿರುವುದನ್ನು ನಕಲು ಮಾಡುವುದು. ನಾನೂ ಮಾಡಿದ್ದೇನೆ. ಒಮ್ಮೆ ಡಬ್ಬಿ ನೋಡಿ ಶೀರ್ಷಿಕೆ, ಅವಧಿ, ನಟರ ಹೆಸರು ಎಲ್ಲವನ್ನೂ ಅಚ್ಚುಕಟ್ಟಾಗಿ ತುಂಬಿದ್ದೆ. ಒಳಗಿದ್ದುದು ಬೇರೆಯೇ ಡಿಸ್ಕ್. ಒಯ್ದವರು ಮರುದಿನವೇ ತಂದು ಮೇಜಿನ ಮೇಲಿಟ್ಟರು. ಏನೂ ಅನ್ನಲಿಲ್ಲ, ಅದೇ ಹೆಚ್ಚು ನಾಚಿಕೆ ತಂದಿತು. ಅಂದಿನಿಂದ ಡಿಸ್ಕನ್ನು ಓಡಿಸಿ ನೋಡದೆ ನಾನು ಒಂದಕ್ಷರವನ್ನೂ ಬರೆದಿಲ್ಲ.

ಸೂಚೀಕರಣದ ನಿಯಮವೂ ಇದನ್ನೇ ಹೇಳುತ್ತದೆ: ಶೀರ್ಷಿಕೆಯನ್ನು ಪರದೆಯ ಮೇಲೆ ಮೂಡುವ ಹೆಸರಿನಿಂದಲೇ ಪಡೆಯಬೇಕು. ಓಡಿಸಲು ಯಂತ್ರವಿಲ್ಲದಿದ್ದರೆ ಡಿಸ್ಕಿನ ಮೇಲಿನ ಚೀಟಿಯಿಂದಲೋ ಡಬ್ಬಿಯಿಂದಲೋ ತೆಗೆದುಕೊಳ್ಳಬಹುದು. ಆದರೆ ಎಲ್ಲಿಂದ ತೆಗೆದುಕೊಂಡಿರಿ ಎಂಬುದನ್ನು ಟಿಪ್ಪಣಿಯಲ್ಲಿ ಹೇಳಿಬಿಡಿ. ಪರದೆಯಲ್ಲಿ ಒಂದು ಹೆಸರು, ಡಬ್ಬಿಯಲ್ಲಿ ಇನ್ನೊಂದು ಇದ್ದರೆ ಎರಡನ್ನೂ ಸೇರಿಸಿ. ಮಾರ್ಕ್ 21 ಎಂಬ ಗಣಕ ನಮೂನೆಯಲ್ಲಿ ಮುಖ್ಯ ಶೀರ್ಷಿಕೆಗೆ 245ನೆಯ ಕ್ಷೇತ್ರ, ಅಂದರೆ ಅಂಕಿಯಿಂದ ಗುರುತಿಸುವ ಖಾನೆ; ಬದಲಿ ಶೀರ್ಷಿಕೆಗೆ 246. ಹುಡುಕಿಕೊಂಡು ಬರುವವರ ನೆನಪಿನಲ್ಲಿ ಉಳಿದಿರುವುದು ಬಹುಮಟ್ಟಿಗೆ ಡಬ್ಬಿಯ ಹೆಸರೇ.

ಪುಸ್ತಕಕ್ಕೆ ಲೇಖಕನಿರುತ್ತಾನೆ. ಚಲನಚಿತ್ರ ಯಾರದು? ನಿರ್ದೇಶಕರದೇ, ನಿರ್ಮಾಪಕರದೇ, ಕ್ಯಾಮೆರಾ ಹಿಡಿದವರದೇ? ಈ ಜಗಳಕ್ಕೆ ಗ್ರಂಥಪಾಲಕರು ಹೋಗುವುದಿಲ್ಲ. ಸಾಮಾನ್ಯವಾಗಿ ಚಿತ್ರವನ್ನು ಅದರ ಶೀರ್ಷಿಕೆಯ ಕೆಳಗೇ ದಾಖಲಿಸಿ, ಮುಖ್ಯರಾದವರ ಹೆಸರುಗಳನ್ನು ಪ್ರತ್ಯೇಕವಾಗಿ ಸೇರಿಸುತ್ತಾರೆ. ಹುಡುಕುವವರು ಯಾವ ಹೆಸರಿನಿಂದ ಬಂದರೂ ಬಾಗಿಲು ತೆರೆಯುತ್ತದೆ.

ಇನ್ನು ವರ್ಷ. ಇದು ಎಲ್ಲರನ್ನೂ ಬೀಳಿಸುವ ಗುಂಡಿ. ಡಿವಿಡಿ ಮಾರುಕಟ್ಟೆಗೆ ಬಂದದ್ದು 1996ರಲ್ಲಿ. ಹಾಗಾದರೆ ಡಿವಿಡಿಯೊಂದರ ಪ್ರಕಟಣೆಯ ವರ್ಷ 1957 ಎಂದು ನಮೂದಿಸಿದ್ದರೆ ಅದು ಖಂಡಿತ ತಪ್ಪು. ಅದು ಚಿತ್ರ ತೆರೆಕಂಡ ವರ್ಷವಿರಬೇಕು. ಡಿಸ್ಕ್ ಹೊರಬಂದ ವರ್ಷವನ್ನು ಪ್ರಕಟಣೆಯ ಜಾಗದಲ್ಲಿ ಬರೆದು, ಚಿತ್ರ ಮೊದಲು ಬಿಡುಗಡೆಯಾದ ವರ್ಷವನ್ನು ಟಿಪ್ಪಣಿಯಲ್ಲಿ ಕೊಡಬೇಕು. ಎರಡನೆಯದನ್ನು ಬಿಟ್ಟರೆ ಹಳೆಯ ಚಿತ್ರವೊಂದು ಮೊನ್ನೆ ಮೊನ್ನೆ ತಯಾರಾದಂತೆ ಕಾಣುತ್ತದೆ.

ವಸ್ತುವಿನ ವಿವರಣೆ ಸುಲಭ: ಒಂದು ವಿಡಿಯೊಡಿಸ್ಕ್, 95 ನಿಮಿಷ, ಧ್ವನಿಸಹಿತ, ವರ್ಣ, 12 ಸೆಂಟಿಮೀಟರ್. ಅವಧಿಯನ್ನು 008ನೆಯ ಕ್ಷೇತ್ರದಲ್ಲಿ ಮೂರು ಅಂಕಿಗಳಲ್ಲಿ, 095 ಎಂದು, ಮತ್ತೊಮ್ಮೆ ತುಂಬಬೇಕು. 999 ನಿಮಿಷ ಮೀರಿದರೆ ಮೂರು ಸೊನ್ನೆ. ಹದಿನೇಳು ಗಂಟೆಯ ಧಾರಾವಾಹಿಗೆ ಸೊನ್ನೆ ಸುತ್ತುವಾಗ ನನಗೆ ಇಂದಿಗೂ ನಗು ಬರುತ್ತದೆ.

ಹಿಂದೆ ಶೀರ್ಷಿಕೆಯ ಪಕ್ಕದಲ್ಲೇ ಚೌಕಾವರಣದಲ್ಲಿ ‘ವಿಡಿಯೊರೆಕಾರ್ಡಿಂಗ್’ ಎಂಬರ್ಥದ ಪದ ಹಾಕುತ್ತಿದ್ದರು. 2010ರಲ್ಲಿ ಬಂದ ಆರ್‌ಡಿಎ ಎಂಬ ಸೂಚೀಕರಣ ನಿಯಮಾವಳಿ ಅದನ್ನು ಕೈಬಿಟ್ಟು, ಒಳಗಿರುವುದೇನು, ಯಾವ ಬಗೆಯ ಸಾಧನ ಬೇಕು, ಯಾವುದರ ಮೇಲೆ ದಾಖಲಾಗಿದೆ ಎಂದು ಮೂರಾಗಿ ಒಡೆಯಿತು. 336, 337, 338ನೆಯ ಕ್ಷೇತ್ರಗಳು ಇದಕ್ಕಾಗಿಯೇ ಇವೆ. ತರ್ಕ ಸರಿ. ಆದರೂ ಒಂದೇ ನೋಟಕ್ಕೆ ವಿಷಯ ತಿಳಿಸುತ್ತಿದ್ದ ಆ ಹಳೆಯ ಪದದ ಮೇಲೆ ನನಗೆ ಮಮತೆಯಿದೆ.

ಬ್ಲೂ-ರೇ ಡಿಸ್ಕೂ ಡಿವಿಡಿಯಷ್ಟೇ ಅಗಲ. ಆದರೆ ಡಿವಿಡಿಗೆಂದೇ ಮಾಡಿದ ಯಂತ್ರದಲ್ಲಿ ಅದು ಓಡುವುದಿಲ್ಲ. ಬೇರೆ ಪ್ರದೇಶದ ಮಾರಾಟಕ್ಕೆಂದು ಸಂಕೇತ ಹಾಕಿದ ಡಿವಿಡಿಯೂ ಕೆಲವು ಯಂತ್ರಗಳಲ್ಲಿ ಮುಷ್ಕರ ಹೂಡುತ್ತದೆ. ಇದನ್ನು ಒಂದು ಸಾಲಿನಲ್ಲಿ ತಿಳಿಸಿದರೆ ಒಂದು ವ್ಯರ್ಥ ಓಡಾಟ ತಪ್ಪುತ್ತದೆ. ಮಾತಿನ ಭಾಷೆಯನ್ನೂ ಅಡಿಬರಹದ ಭಾಷೆಯನ್ನೂ ಬೇರೆ ಬೇರೆಯಾಗಿ ಬರೆಯಿರಿ. ಕಿವಿ ಕೇಳದವರಿಗೆ ಇಡೀ ನಮೂದಿನಲ್ಲಿ ಬೇಕಾಗುವ ಸಾಲು ಅದೊಂದೇ ಆಗಿರಬಹುದು. ಸಾರಾಂಶ ಎರಡು ಮೂರು ವಾಕ್ಯ ಸಾಕು. ‘ಹೃದಯಸ್ಪರ್ಶಿ’, ‘ಅದ್ಭುತ’ ಇತ್ಯಾದಿ ಡಬ್ಬಿಯ ಮೇಲೇ ಇರಲಿ.

ಫೋಟೊ, ಭಿತ್ತಿಪತ್ರಗಳದು ಬೇರೆ ಕಥೆ. ಮಾರ್ಕ್ ನಮೂನೆಯ ಕಣ್ಣಿಗೆ ವಿಡಿಯೊ ಮತ್ತು ಸ್ಲೈಡ್ ಒಂದೇ ಕುಲ. ಪರದೆಗೆ ಬೀಳುವಂಥವು, ಸಂಕೇತ ‘ಜಿ’. ಫೋಟೊ, ಭಿತ್ತಿಪತ್ರಗಳಿಗೆ ‘ಕೆ’. ಒಂದೇ ಕಟ್ಟಿನಲ್ಲಿ ಬಂದ ನೂರು ಫೋಟೊಗಳಿಗೆ ನೂರು ನಮೂದು ಬೇಡ, ಇಡೀ ಕಟ್ಟಿಗೆ ಒಂದು ಸಾಕು. ಹೆಸರಿಲ್ಲದ ಚಿತ್ರಕ್ಕೆ ನಾವೇ ಹೆಸರಿಡುತ್ತೇವೆ, ಅದು ನಮ್ಮದೆಂದು ತಿಳಿಯಲು ಚೌಕಾವರಣದಲ್ಲಿ. ‘ಬಾವಿಯ ಬಳಿ ಮೂವರು ಹೆಂಗಸರು’ ಎಂದರೆ ಕಂಡದ್ದು. ‘ಮೂವರು ಸೋದರಿಯರು’ ಎಂದರೆ ಊಹೆ. ಚಿತ್ರದ ಹಿಂಬದಿಯಲ್ಲಿ ಯಾರೋ ಪೆನ್ಸಿಲಿನಲ್ಲಿ ‘ಅಕ್ಕತಂಗಿಯರು’ ಎಂದು ಗೀಚಿದ್ದರೆ, ಹಿಂಬದಿಯಲ್ಲಿ ಹೀಗೆ ಬರೆದಿದೆ ಎಂದೇ ಟಿಪ್ಪಣಿಯಲ್ಲಿ ಸೇರಿಸಿ.

ನಮಸ್ಕಾರ.