ಮುಯ್ಯಾಳಿನ ಲೆಕ್ಕ

ಎಲ್ಲರಿಗೂ ನಮಸ್ಕಾರ. ಸೇವೆ ಮಾಡಿ, ದಾನ ಮಾಡಿ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಹಾಗಾಗಿ ನಾನು ಸ್ವಲ್ಪ ಉಲ್ಟಾ ಮಾತಾಡುತ್ತೇನೆ. ನಾವು ಸಹಾಯ ಕೇಳುವುದನ್ನು ಬಿಟ್ಟಿದ್ದೇವೆ. ಅದಕ್ಕೇ ನೂರಾರು ಮನೆಗಳ ಅಪಾರ್ಟ್‌ಮೆಂಟಿನಲ್ಲಿದ್ದರೂ ಇವರು ನಮ್ಮವರು ಅನ್ನಿಸುವುದಿಲ್ಲ.

ಹಳ್ಳಿಯಿಂದ ಬಂದವರಿಗೆ ಮುಯ್ಯಾಳು ಗೊತ್ತಿರುತ್ತದೆ, ಅಂದರೆ ಒಬ್ಬರ ಗದ್ದೆಗೆ ಇನ್ನೊಬ್ಬರು ಸರದಿಯಲ್ಲಿ ಆಳಾಗಿ ಹೋಗಿ ತೀರಿಸಿಕೊಳ್ಳುವುದು. ಭತ್ತದ ನಾಟಿ ನಾಳೆ ನೋಡೋಣ ಅನ್ನುವ ಕೆಲಸ ಅಲ್ಲ. ಸಸಿ ಬಲಿತರೆ ತೆಂಡೆ, ಅಂದರೆ ಬುಡದಿಂದ ಹೊಸ ಕವಲು, ಒಡೆಯುವುದು ಕಡಿಮೆ, ಇಳುವರಿಯೂ ಕಡಿಮೆ. ಒಂದು ಮನೆಯ ಮೂರ್ನಾಲ್ಕು ಜನ ಗದ್ದೆಯೆಲ್ಲ ನೆಟ್ಟು ಮುಗಿಸುವಷ್ಟರಲ್ಲಿ ಹದ ತಪ್ಪಿರುತ್ತದೆ. ಹಾಗಾಗಿ ಇವತ್ತು ಎಲ್ಲರೂ ನಮ್ಮ ಗದ್ದೆಗೆ, ನಾಳೆ ನಿಮ್ಮದಕ್ಕೆ. ಕೂಲಿ ಇಲ್ಲ, ಊಟ ಗದ್ದೆಯವರದು. ಐದು ಆಳು ಬಂದಿದ್ದರೆ ಐದು ಆಳು ತೀರಿಸಬೇಕು.

ಹಳೇ ಮೈಸೂರು ಕಡೆ ಮದುವೆಗಳಲ್ಲಿ ಮುಯ್ಯಿ ಬರೆಸುವುದನ್ನು ನೋಡಿದ್ದೀರಲ್ವಾ? ಒಂದು ಮೇಜು, ಒಂದು ನೋಟ್‌ಬುಕ್, ಹೆಸರು, ಊರು, ಎದುರಿಗೆ ದುಡ್ಡು. ಮುಂದೆ ಅವರ ಮನೆ ಮದುವೆಗೆ ಹೊರಡುವ ಮುಂಚೆ ಆ ಪುಸ್ತಕ ತೆಗೆದು ನೋಡುತ್ತಾರೆ, ಐನೂರು ಬಂದಿದ್ದರೆ ಅದಕ್ಕಿಂತ ಕಮ್ಮಿ ಹಾಕುವುದು ಮರ್ಯಾದೆ ಅಲ್ಲ. ಇದೆಂಥ ವ್ಯಾಪಾರ ಅಂತ ಪೇಟೆಯವರು ಮೂಗು ಮುರಿಯಬಹುದು. ನನಗೆ ಹಾಗನ್ನಿಸುವುದಿಲ್ಲ. ಬಾಕಿ ಇದ್ದಷ್ಟು ದಿನ ಹೋಗಿ ಬರುವುದು ಇರುತ್ತದೆ.

ಹಾಗಂತ ಹಳೇದೆಲ್ಲ ಚಿನ್ನ ಅಲ್ಲ. ಸ್ವಂತ ಗದ್ದೆ ಇಲ್ಲದವರು ಆ ಲೆಕ್ಕದೊಳಗೇ ಬರುತ್ತಿರಲಿಲ್ಲ, ಅವರು ಕೂಲಿಯವರು. ಊಟದ ಪಂಕ್ತಿಯಲ್ಲಿ ಜಾತಿ ಇತ್ತು. ಹೆಂಗಸರು ಗದ್ದೆಯಲ್ಲೂ ಬಗ್ಗಿದರು, ಮನೆಗೆ ಬಂದು ಒಲೆ ಮುಂದೆಯೂ ಬಗ್ಗಿದರು, ಆ ಎರಡನೇ ಆಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಈಗ ನೋಡಿ. ಗುರುತಿಲ್ಲದ ಮಗುವಿನ ಆಪರೇಷನ್‌ಗೆ ಮೊಬೈಲಿನಲ್ಲಿ ದುಡ್ಡು ಕಳಿಸುತ್ತೇವೆ, ಒಳ್ಳೆಯದೇ. ಆದರೆ ಹೆಪ್ಪು ಹಾಕಲು ಒಂದು ಚಮಚ ಮೊಸರು ಬೇಕಾದರೆ ಎದುರು ಮನೆ ಬೆಲ್ ಒತ್ತುವುದಿಲ್ಲ. ಸುಮ್ನೆ ಅವರಿಗ್ಯಾಕೆ ತೊಂದರೆ ಅಂತ ಆ್ಯಪ್‌ನಲ್ಲಿ ಇಡೀ ಪ್ಯಾಕೆಟ್ ತರಿಸುತ್ತೇವೆ. ಕೊಡುವಾಗ ಕೈ ಮೇಲಿರುತ್ತದೆ, ಕೇಳುವಾಗ ಕೆಳಗೆ. ಮುಜುಗರ ಇರುವುದೇ ಅಲ್ಲಿ.

ಇದರ ಇನ್ನೊಂದು ತುದಿಯಲ್ಲಿ ಎಲ್ಲರಿಗೂ ಓಡಾಡಿ ಸುಸ್ತಾದವರು ಇದ್ದಾರೆ. 12ನೇ ಶತಮಾನದ ಆಯ್ದಕ್ಕಿ ಮಾರಯ್ಯನ ಕತೆ ಕೇಳಿರುತ್ತೀರಿ. ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತಂದು, ಅದರಲ್ಲೇ ದಾಸೋಹ ನಡೆಸುತ್ತಿದ್ದ ಮನೆ. ಒಂದು ದಿನ ಅವನು ಜಾಸ್ತಿ ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬನ್ನಿ ಅಂದವಳು ಹೆಂಡತಿ ಲಕ್ಕಮ್ಮ. ದಾಸೋಹಕ್ಕೂ ಒಂದು ಅಳತೆ ಇಟ್ಟುಕೊಂಡಿದ್ದ ಹೆಂಗಸು! ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ಒಬ್ಬಳೇ ನೋಡಿಕೊಳ್ಳುವ ಸೊಸೆಗೆ ನಾವು 'ಎಂಥ ಪುಣ್ಯಾತ್ಗಿತ್ತಿ' ಅಂತೀವಿ. ಭಾನುವಾರ ಎರಡು ಗಂಟೆ ನಾನು ಕೂತಿರ್ತೀನಿ, ನೀನು ಹೊರಗೆ ಹೋಗಿ ಬಾ ಅನ್ನಲ್ಲ. ಅವಳೂ ಕೇಳಲ್ಲ.

ನಿಮ್ಮ ಸಂಘಕ್ಕೆ ಒಂದೇ ಸಲಹೆ. ಸ್ವಯಂಸೇವಕರ ಪಟ್ಟಿ ಮಾಡುವಾಗ ನೀವೇನು ಮಾಡಬಲ್ಲಿರಿ ಅಂತ ಕೇಳುತ್ತೀರಲ್ಲ, ಪಕ್ಕದಲ್ಲೇ ನಿಮಗೇನು ಬೇಕು ಅಂತ ಇನ್ನೊಂದು ಕಾಲಂ ಹಾಕಿ. ಅದನ್ನು ಮೊದಲು ಅಧ್ಯಕ್ಷರೇ ತುಂಬಲಿ. ಇಲ್ಲದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ.